ಬೊಜ್ಜು ಮತ್ತು ಬೀಜಶಕ್ತಿ



ಮೂವತ್ತನಾಲ್ಕು ವರ್ಷ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿದ ನನಗೆ ಇಂದಿನ ವಿಷಯದ ಮೇಲೆ ಮಾತನಾಡುವ ಅಧಿಕಾರ ಎಲ್ಲಿಂದ ಬಂತು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಾನು ವೈದ್ಯನಲ್ಲ. ನನ್ನನ್ನು ಈ ವಿಷಯದ ಬಳಿಗೆ ಕರೆತಂದುದು ಒಂದು ಶಬ್ದ. ತತ್ಸಮ–ತದ್ಭವಗಳ ಪಾಠದಲ್ಲಿ ‘ಸಂಧ್ಯಾ’ ಎಂಬುದು ‘ಸಂಜೆ’ ಆದಂತೆ ‘ವಂಧ್ಯಾ’ ಎಂಬುದು ‘ಬಂಜೆ’ ಆಯಿತೆಂದು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, “ಸಾರ್, ಇದರ ಪುಲ್ಲಿಂಗ ರೂಪ ಯಾವುದು?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನೆಂದು ನೆನಪು. ಉತ್ತರ ಮಾತ್ರ ನನ್ನಲ್ಲಿರಲಿಲ್ಲ.

ಸಂಸ್ಕೃತದಲ್ಲಿ ‘ವಂಧ್ಯ’ ಎಂಬ ವಿಶೇಷಣ ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ. ಕನ್ನಡವು ಅದರಲ್ಲಿ ಹೆಣ್ಣಿನ ರೂಪವನ್ನು ಮಾತ್ರ ಆಯ್ದು ಇಟ್ಟುಕೊಂಡಿತು. ನಮ್ಮ ಜನಪದ ಗೀತೆಗಳಲ್ಲಿ ಬಂಜೆಯ ಅಳಲನ್ನು ಹೇಳುವ ಹಾಡುಗಳು ಎಷ್ಟೋ ಉಂಟು. ಮಕ್ಕಳಿಲ್ಲದ ಗಂಡಸಿನ ಅಳಲು ಅಲ್ಲಿ ಅಪರೂಪ. ‘ಷಂಡ’, ‘ನಪುಂಸಕ’ ಮೊದಲಾದ ಮಾತುಗಳು ಇಲ್ಲವೆ ಎನ್ನಬಹುದು. ಅವು ಸಂಭೋಗಶಕ್ತಿಯಿಲ್ಲದವನನ್ನು ಹಳಿಯುವ ಮಾತುಗಳು. ಎಲ್ಲ ವಿಧದಲ್ಲೂ ಸಮರ್ಥನಾಗಿದ್ದು, ಬೀಜದಲ್ಲಿ ಮಾತ್ರ ಕೊರತೆಯುಳ್ಳ ಗಂಡಸನ್ನು ಕುರಿತು ಹೇಳಲು ನಮ್ಮ ಆಡುಮಾತಿನಲ್ಲಿ ಶಬ್ದವಿಲ್ಲ. ಶಬ್ದವಿಲ್ಲದ ಕಡೆ ವಿಚಾರವೂ ಸುಳಿಯುವುದಿಲ್ಲ.

ಇದರ ಬೆಲೆ ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾಲೂಕು ಕೇಂದ್ರವೊಂದರಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ಮದುವೆಯಾಗಿ ಏಳು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಅವನ ಹೆಂಡತಿ ಅರಳಿಮರ ಸುತ್ತಿದಳು, ನಾಗಪ್ರತಿಷ್ಠೆ ಮಾಡಿಸಿದಳು, ಊರೂರ ವೈದ್ಯರಿಗೆ ತೋರಿಸಿಕೊಂಡಳು, ಒಂದು ಸಣ್ಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡಳು. “ಇನ್ನೊಬ್ಬ ಡಾಕ್ಟರಿಗೆ ತೋರಿಸಮ್ಮ” ಎಂದು ಆ ಹುಡುಗಿಗೆ ಬುದ್ಧಿ ಹೇಳಿದವರಲ್ಲಿ ನಾನೂ ಒಬ್ಬ. ಕೊನೆಗೆ ಒಬ್ಬ ವೈದ್ಯೆ ಅವಳು ತಂದಿದ್ದ ದಪ್ಪ ಕಡತವನ್ನು ಮೊದಲಿನಿಂದ ಕೊನೆಯವರೆಗೂ ತಿರುವಿಹಾಕಿ, “ಯಜಮಾನರ ವರದಿ ಎಲ್ಲಿ?” ಎಂದು ಕೇಳಿದರಂತೆ. ಏಳು ವರ್ಷದ ಆ ಕಡತದಲ್ಲಿ ಅವನ ಹೆಸರಿನ ಒಂದು ಹಾಳೆಯೂ ಇರಲಿಲ್ಲ. ಪರೀಕ್ಷೆ ಮಾಡಿಸಿದಾಗ ಕೊರತೆ ಕಂಡದ್ದು ಅವನ ವೀರ್ಯದಲ್ಲಿ. ವೈದ್ಯೆ ಅವನ ತೂಕ ನೋಡಿದರು: ಎತ್ತರ 168 ಸೆಂಟಿಮೀಟರು, ತೂಕ 98 ಕಿಲೊ. “ಮೊದಲು ಇದನ್ನು ಇಳಿಸಿಕೊಳ್ಳಿ” ಎಂದರು. ಅವನು ನೇರವಾಗಿ ನನ್ನ ಮನೆಗೆ ಬಂದು, “ಸಾರ್, ಬೊಜ್ಜಿಗೂ ಇದಕ್ಕೂ ಏನು ಸಂಬಂಧ? ಅಮ್ಮನಿಗೆ ಏನೆಂದು ಹೇಳಲಿ?” ಎಂದು ಕೇಳಿದ. ಎರಡು ಪ್ರಶ್ನೆಗಳಿಗೂ ನಾನು ಉತ್ತರ ಕೊಡಲಾರದೆ ಹೋದೆ. ಅಂದಿನಿಂದ ತಿಳಿದವರನ್ನು ಕೇಳಿ, ಓದಿ, ಕೂಡಿಹಾಕಿದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಬೀಜವೆಂದರೇನು ಎಂಬುದನ್ನು ನೋಡೋಣ. 1677ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದ ಕೆಳಗೆ ವೀರ್ಯವನ್ನಿಟ್ಟು ನೋಡಿದ. ಬಾಲವುಳ್ಳ ಲೆಕ್ಕವಿಲ್ಲದಷ್ಟು ಜೀವಿಗಳು ಅದರಲ್ಲಿ ಈಜಾಡುತ್ತಿದ್ದವು. ಲಂಡನ್ನಿನ ರಾಯಲ್ ಸೊಸೈಟಿಗೆ ಸಂಕೋಚದಿಂದಲೇ ಪತ್ರ ಬರೆದು, ಸಭ್ಯರಿಗೆ ಇದು ಹೇಸಿಗೆಯೆನಿಸಿದರೆ ಪ್ರಕಟಿಸಬೇಡಿರೆಂದು ಅವನು ಕೋರಿದ. ಅವನು ಕಂಡದ್ದೇ ವೀರ್ಯಾಣು. ತಲೆಯಿಂದ ಬಾಲದ ತುದಿಯವರೆಗೆ ಅಳೆದರೂ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ಮಾತ್ರ. ತಲೆಯಲ್ಲಿ ತಂದೆಯ ಅರ್ಧ ಆನುವಂಶಿಕ ಲಿಪಿ, ನಡುವಿನಲ್ಲಿ ಶಕ್ತಿಯನ್ನೊದಗಿಸುವ ಕಣಗಳು, ಹಿಂದೆ ಈಜುವ ಬಾಲ. ದೂರದ ಪ್ರಯಾಣಕ್ಕೆ ಹೊರಟವನು ಹೊರೆಯನ್ನೆಲ್ಲ ಇಳಿಸಿ ಹೊರಡುವಂತೆ, ಜೀವಕೋಶಕ್ಕೆ ಸಹಜವಾಗಿ ಇರಬೇಕಾದ ಒಳರಸವನ್ನು ಅದು ಬಹುಪಾಲು ಕಳಚಿಹಾಕಿರುತ್ತದೆ. ಈ ಹಗುರವೇ ಅದರ ಬಲ. ಅದೇ ಅದರ ದೌರ್ಬಲ್ಯವೂ ಹೌದು. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಒಂದು ವೀರ್ಯಾಣು ವೃಷಣದ ಸೂಕ್ಷ್ಮ ನಾಳಗಳಲ್ಲಿ ಆರಂಭದಿಂದ ಪೂರ್ಣರೂಪಕ್ಕೆ ಬರಲು ಎರಡರಿಂದ ಎರಡೂವರೆ ತಿಂಗಳು ಹಿಡಿಯುತ್ತದೆ. ಆಮೇಲೆ ವೃಷಣದ ಬೆನ್ನಿಗಂಟಿಕೊಂಡ ಸುಮಾರು 6 ಮೀಟರ್ ಉದ್ದದ ಸುರುಳಿ ನಾಳದಲ್ಲಿ ಮತ್ತೂ ಕೆಲವು ದಿನ ಇದ್ದು, ಈಜುವುದನ್ನೂ ಅಂಡವನ್ನು ಭೇದಿಸುವುದನ್ನೂ ಕಲಿಯುತ್ತದೆ. ಒಟ್ಟಿನಲ್ಲಿ ಮೂರು ತಿಂಗಳು. ನಮ್ಮ ರೈತರು ಬೆಳೆಯುವ ರಾಗಿಯ ಬೆಳೆಗೆ ಬೇಕಾಗುವಷ್ಟೇ ಕಾಲ ಎನ್ನಿ. ಈ ಮೂರು ತಿಂಗಳೆಂಬ ಲೆಕ್ಕವನ್ನು ನೆನಪಿನಲ್ಲಿಡಿ. ಇಂದಿನ ವೀರ್ಯದಲ್ಲಿ ಕಾಣುವ ಗುಣದೋಷಗಳು ಮೂರು ತಿಂಗಳಿಂದೀಚೆಗೆ ಆ ಶರೀರ ಬಾಳಿದ ಬಾಳಿನ ಫಲ.

ಈ ಬೆಳೆಗೆ ನೀರುಣಿಸುವ ವ್ಯವಸ್ಥೆಯೊಂದುಂಟು. ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬನ್ನು ನೋಡಿಕೊಳ್ಳುವ ನೀರುಗಂಟಿಯನ್ನು ನೀವು ಬಲ್ಲಿರಿ. ಗದ್ದೆ ಒಣಗಿದ್ದರೆ ತೂಬೆತ್ತುತ್ತಾನೆ, ನೀರು ಸಾಕೆನಿಸಿದರೆ ಇಳಿಸುತ್ತಾನೆ. ನಮ್ಮ ಮಿದುಳಿನ ಬುಡದಲ್ಲಿರುವ ಹೈಪೋಥಲಮಸ್ ಎಂಬ ಭಾಗವೇ ಇಲ್ಲಿಯ ನೀರುಗಂಟಿ. ಅದು ಕೊಡುವ ಸಂಜ್ಞೆಯಂತೆ ಪಿಟ್ಯುಟರಿ ಗ್ರಂಥಿಯು ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಒಂದು, ವೃಷಣದ ಲೀಡಿಗ್ ಕೋಶಗಳಿಂದ ಟೆಸ್ಟೊಸ್ಟಿರೋನ್ ಎಂಬ ಪುರುಷ ಹಾರ್ಮೋನನ್ನು ಹೊರಡಿಸುತ್ತದೆ. ಇನ್ನೊಂದು, ಬೆಳೆಯುವ ವೀರ್ಯಾಣುಗಳಿಗೆ ದಾದಿಯರಂತಿರುವ ಸೆರ್ಟೋಲಿ ಕೋಶಗಳನ್ನು ಪ್ರಚೋದಿಸುತ್ತದೆ. ರಕ್ತದಲ್ಲಿ ಹಾರ್ಮೋನು ಸಾಕಷ್ಟಾಯಿತೆಂಬ ಸುದ್ದಿ ಮಿದುಳಿಗೆ ಮುಟ್ಟಿದೊಡನೆ ತೂಬು ಇಳಿಯುತ್ತದೆ.

ಬೊಜ್ಜಿನ ಕಿತಾಪತಿ ಇಲ್ಲಿಂದ ಆರಂಭ. ಬಹುಕಾಲ ಕೊಬ್ಬನ್ನು ಕಣಜದಲ್ಲಿಟ್ಟ ಧಾನ್ಯದಂತೆ ಸುಮ್ಮನೆ ಬಿದ್ದಿರುವ ಸಂಗ್ರಹವೆಂದು ಭಾವಿಸಲಾಗಿತ್ತು. ಅದು ಹಾಗಲ್ಲ. ಕೊಬ್ಬಿನ ಅಂಗಾಂಶವೂ ಒಂದು ಗ್ರಂಥಿಯಂತೆ ವರ್ತಿಸುತ್ತದೆ. ಅದರಲ್ಲಿ ಅರೊಮಟೇಸ್ ಎಂಬ ಕಿಣ್ವವಿದೆ. ಟೆಸ್ಟೊಸ್ಟಿರೋನನ್ನು ಸ್ತ್ರೀ ಹಾರ್ಮೋನಾದ ಈಸ್ಟ್ರೊಜೆನ್ನಾಗಿ ಮಾರ್ಪಡಿಸುವುದು ಅದರ ಕೆಲಸ. ಎಲ್ಲ ಗಂಡಸರಲ್ಲೂ ಇದು ಸ್ವಲ್ಪಮಟ್ಟಿಗೆ ನಡೆಯುತ್ತದೆ, ನಡೆಯಬೇಕಾದದ್ದೂ ಹೌದು. ಕೊಬ್ಬು ಹೆಚ್ಚಿದಂತೆ ಈ ಮಾರ್ಪಾಟೂ ಹೆಚ್ಚುತ್ತದೆ. ಈಸ್ಟ್ರೊಜೆನ್ ನೀರುಗಂಟಿಯ ಕಣ್ಣಿಗೆ ‘ಗದ್ದೆ ತುಂಬಿದೆ’ ಎಂಬಂತೆ ತೋರುತ್ತದೆ. ಅವನು ತೂಬು ಇಳಿಸುತ್ತಾನೆ. ಟೆಸ್ಟೊಸ್ಟಿರೋನ್ ಇನ್ನಷ್ಟು ತಗ್ಗುತ್ತದೆ. ಟೆಸ್ಟೊಸ್ಟಿರೋನ್ ತಗ್ಗಿದರೆ ಮಾಂಸಖಂಡ ಸೊರಗಿ, ಹೊಟ್ಟೆಯ ಸುತ್ತ ಕೊಬ್ಬು ಮತ್ತಷ್ಟು ಸೇರುತ್ತದೆ. ಒಂದು ಇನ್ನೊಂದನ್ನು ನೂಕುತ್ತ ಹೋಗುವ ಈ ಚಕ್ರದಲ್ಲಿ ಸಿಕ್ಕಿದವನಿಗೆ ಆಯಾಸ, ನಿರುತ್ಸಾಹ, ಕಾಮಾಸಕ್ತಿಯ ಕುಗ್ಗುವಿಕೆ ಕೂಡ ಬಂದು ಸೇರುತ್ತವೆ. ಅತಿಸ್ಥೂಲರಲ್ಲಿ ಸಾಮಾನ್ಯವಾದ, ಗೊರಕೆಯ ನಡುವೆ ಉಸಿರು ಕಟ್ಟುವ ನಿದ್ರಾರೋಗವೂ ಟೆಸ್ಟೊಸ್ಟಿರೋನನ್ನು ತಗ್ಗಿಸುವುದುಂಟು. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್ಮನ್ ಮತ್ತು ಅವರ ಸಂಗಡಿಗರು ಕಂಡುಹಿಡಿದ ಲೆಪ್ಟಿನ್ ಎಂಬ ಹಾರ್ಮೋನು ಕೂಡ ಕೊಬ್ಬಿನಿಂದಲೇ ಹೊರಟು ಮಿದುಳಿಗೆ ಸುದ್ದಿ ಒಯ್ಯುವ ದೂತ. ಕೊಬ್ಬಿಗೂ ಸಂತಾನಶಕ್ತಿಗೂ ಮಾತುಕತೆ ನಡೆಯುತ್ತದೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯದು ಶಾಖ. ಪ್ರಕೃತಿಯು ಹೃದಯವನ್ನೂ ಯಕೃತ್ತನ್ನೂ ಪಂಜರದೊಳಗೆ ಭದ್ರವಾಗಿಟ್ಟು, ವೃಷಣಗಳನ್ನು ಮಾತ್ರ ಚೀಲದಲ್ಲಿ ಹೊರಗೆ ತೂಗುಹಾಕಿದ್ದೇಕೆ? ವೀರ್ಯಾಣುಗಳ ಬೆಳೆಗೆ ಶರೀರದ 37 ಡಿಗ್ರಿ ಶಾಖ ಹೆಚ್ಚಾಯಿತು. ಅದಕ್ಕಿಂತ ಎರಡರಿಂದ ನಾಲ್ಕು ಡಿಗ್ರಿಯಷ್ಟು ತಂಪು ಬೇಕು. ತೊಡೆಗಳಲ್ಲಿ, ಕಿಬ್ಬೊಟ್ಟೆಯಲ್ಲಿ, ತೊಡೆಸಂದಿಯಲ್ಲಿ ಕೊಬ್ಬು ತುಂಬಿದಾಗ ಆ ಚೀಲಕ್ಕೆ ಕಂಬಳಿ ಹೊದಿಸಿದಂತಾಗುತ್ತದೆ. ಅದರ ಮೇಲೆ ದಿನವೆಲ್ಲ ಗಲ್ಲಾಪೆಟ್ಟಿಗೆಯ ಮುಂದೆಯೋ ವಾಹನದ ಚಾಲಕಪೀಠದಲ್ಲೋ ಕುಳಿತೇ ಕೆಲಸ ಮಾಡುವವನಾದರೆ ಶಾಖ ಹೊರಹೋಗಲು ಇನ್ನೂ ದಾರಿಯಿಲ್ಲ.

ಮೂರನೆಯದು ಸ್ವಲ್ಪ ಸೂಕ್ಷ್ಮವಾದದ್ದು. ಮಿತಿಮೀರಿದ ಕೊಬ್ಬು ಶರೀರದಲ್ಲಿ ಹೊರಗೆ ಕಾಣದ, ಮಂದವಾದ ಉರಿಯನ್ನು ಸದಾ ಹೊಗೆಯಾಡಿಸುತ್ತಿರುತ್ತದೆ. ಇನ್ಸುಲಿನ್ನಿಗೆ ಶರೀರ ಜಗ್ಗದಂತಾಗುತ್ತದೆ, ಸಕ್ಕರೆ ಕಾಯಿಲೆ ಹತ್ತಿರವಾಗುತ್ತದೆ. ಇವೆಲ್ಲದರಿಂದ ಆಮ್ಲಜನಕದ ಉಗ್ರ ಅಣುಗಳು ಮಿತಿಗಿಂತ ಹೆಚ್ಚಾಗಿ ಹುಟ್ಟುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿಸುವ ಶಕ್ತಿಯ ದಾಯಾದಿಗಳು ಇವು. ಬೇರೆ ಜೀವಕೋಶಗಳು ತಮ್ಮ ಒಳರಸದ ಬಲದಿಂದ ಈ ಹಾವಳಿಯನ್ನು ತಡೆದುಕೊಂಡು, ಆದ ಹಾನಿಯನ್ನು ಸರಿಪಡಿಸಿಕೊಳ್ಳುತ್ತವೆ. ವೀರ್ಯಾಣುವಾದರೋ ಹೊರೆ ಕಳಚಿ ಹೊರಟ ಪ್ರಯಾಣಿಕ. ಹಾನಿ ತುಂಬಿಕೊಳ್ಳಲು ಅದರ ಬಳಿ ಗಂಟಿಲ್ಲ. ಅದರ ಹೊರಪೊರೆಯೂ ಬೇಗ ಕೆಡುವಂಥ ಕೊಬ್ಬಿನಾಮ್ಲಗಳಿಂದ ಕೂಡಿದ್ದು. ಹೀಗಾಗಿ ಅದರ ಪೊರೆ ಕೆಡುತ್ತದೆ, ಈಜು ನಿಧಾನವಾಗುತ್ತದೆ, ತಲೆಯೊಳಗಿನ ಡಿಎನ್‌ಎ ಎಳೆಗಳು ಅಲ್ಲಲ್ಲಿ ತುಂಡಾಗುತ್ತವೆ. ಇಂಥ ಬೀಜ ಅಂಡವನ್ನು ಮುಟ್ಟಿದರೂ ಭ್ರೂಣ ನಿಲ್ಲುವುದು ಕಷ್ಟವಾಗಬಹುದು.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯುಂಟು. 2016ರಲ್ಲಿ ಕೋಪನ್‌ಹೇಗನ್ನಿನ ಸಂಶೋಧಕರು ತೆಳುವಾದ ಗಂಡಸರ ಮತ್ತು ಸ್ಥೂಲರಾದ ಗಂಡಸರ ವೀರ್ಯಾಣುಗಳನ್ನು ಹೋಲಿಸಿ ನೋಡಿದರು. ಡಿಎನ್‌ಎಯ ಅಕ್ಷರಗಳ ಮೇಲೆ ಹಚ್ಚಿರುವ ರಾಸಾಯನಿಕ ಗುರುತುಗಳು ಇಬ್ಬರಲ್ಲಿ ಬೇರೆಬೇರೆಯಾಗಿದ್ದವು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ವ್ಯಂಜನಗಳು ಅವೇ. ಗುಣಿತದ ಚಿಹ್ನೆಗಳು ಬೇರೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಕೆಲವರಲ್ಲಿ ಈ ಗುರುತುಗಳು ಬದಲಾದದ್ದೂ ಕಂಡುಬಂತು. ಅಂದರೆ ತಂದೆಯ ಹೊಟ್ಟೆಯ ಬೊಜ್ಜು ತಂದೆಯೊಬ್ಬನ ಸ್ವಂತ ವ್ಯವಹಾರವಲ್ಲವೇನೋ, ಅದರ ನೆರಳು ಮಗುವಿನ ಕಡೆಗೂ ಚಾಚಬಹುದೇನೋ ಎಂಬ ವಿಚಾರಕ್ಕೆ ಇಲ್ಲಿ ಎಡೆಯಿದೆ. ಮನುಷ್ಯರ ವಿಷಯದಲ್ಲಿ ಇದು ಇನ್ನೂ ವಿಚಾರದ ಹಂತದಲ್ಲಿದೆ; ತೀರ್ಮಾನವಲ್ಲ.

ಕಾರಣಗಳನ್ನು ಹೇಳಿದರೆ ಸಾಲದು. ಹಾಗೆ ಆಗುತ್ತದೆಂಬುದಕ್ಕೆ ಲೆಕ್ಕವೂ ಬೇಕಷ್ಟೆ. ದಪ್ಪವನ್ನು ಅಳೆಯಲು ಒಂದು ಸರಳ ಸೂತ್ರವಿದೆ. ತೂಕವನ್ನು ಕಿಲೊಗಳಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು. ಬೆಲ್ಜಿಯಮ್ಮಿನ ಗಣಿತಜ್ಞ ಅಡಾಲ್ಫ್ ಕೆಟ್ಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಕೊಟ್ಟ ಸೂತ್ರವಿದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಸ್ಥೂಲಕಾಯ. ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯಲ್ಲಿ ಕೊಬ್ಬು ಸೇರುವುದರಿಂದ 23 ಮತ್ತು 25 ಎಂಬ ಬಿಗಿಯಾದ ಗೆರೆಗಳನ್ನು ನಮ್ಮ ವೈದ್ಯರು ಹಾಕಿಕೊಂಡಿದ್ದಾರೆ. ನನ್ನ ವಿದ್ಯಾರ್ಥಿಯ ಲೆಕ್ಕ ಹಾಕಿನೋಡಿದೆ. 35ರ ಹತ್ತಿರ ಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗಂಡಸರಲ್ಲಿ ನೂರಕ್ಕೆ ಸುಮಾರು 23 ಮಂದಿ 25ರ ಗೆರೆಯನ್ನು ಮುಟ್ಟಿದವರು ಅಥವಾ ದಾಟಿದವರು. ಅದಕ್ಕೆ ಹಿಂದಿನ 2015–16ರ ಸಮೀಕ್ಷೆಯಲ್ಲಿ ಆ ಸಂಖ್ಯೆ ಸುಮಾರು 19 ಇತ್ತು.

2004ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು ಸೈನಿಕ ಸೇವೆಯ ತಪಾಸಣೆಗೆ ಬಂದ 1,558 ಯುವಕರನ್ನು ಪರೀಕ್ಷಿಸಿತು. ಸೂಚ್ಯಂಕ 25 ದಾಟಿದವರಲ್ಲಿ ವೀರ್ಯಾಣುಗಳ ಒಟ್ಟು ಸಂಖ್ಯೆ ಸಹಜ ತೂಕದವರಿಗಿಂತ ನೂರಕ್ಕೆ ಸುಮಾರು 24ರಷ್ಟು ಕಡಿಮೆ. ಗಮನಿಸಬೇಕಾದ ಮಾತೆಂದರೆ, 20ಕ್ಕಿಂತ ಕಡಿಮೆಯಿದ್ದ ತೀರ ಬಡಕಲು ಯುವಕರಲ್ಲೂ ಸಂಖ್ಯೆ ಕಡಿಮೆಯೇ ಇತ್ತು. ಪ್ರಕೃತಿ ಮೆಚ್ಚುವುದು ಮಧ್ಯಮಮಾರ್ಗವನ್ನು. 2013ರಲ್ಲಿ ಇಪ್ಪತ್ತೊಂದು ಅಧ್ಯಯನಗಳ 13,077 ಗಂಡಸರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಲಾಯಿತು. ವೀರ್ಯಾಣು ಕಡಿಮೆಯಿರುವ ಅಥವಾ ಇಲ್ಲವೇ ಇಲ್ಲದಿರುವ ಸಂಭವವನ್ನು ಸಹಜ ತೂಕದವರಲ್ಲಿ 1 ಎಂದಿಟ್ಟುಕೊಂಡರೆ, ಅಧಿಕ ತೂಕದವರಲ್ಲಿ ಅದು 1.11, ಸ್ಥೂಲರಲ್ಲಿ 1.28, 40ರ ಸೂಚ್ಯಂಕ ದಾಟಿದ ಅತಿಸ್ಥೂಲರಲ್ಲಿ 2.04. ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ಅಂಕಿಗಳು ತಾವೇ ಮಾತನಾಡುತ್ತವೆ.

ಹಾಗೆಂದು ದಪ್ಪವಾದವರಿಗೆಲ್ಲ ಮಕ್ಕಳಾಗವು ಎಂದು ಯಾರೂ ತಿಳಿಯಬಾರದು. ಐದಾರು ಮಕ್ಕಳ ತಂದೆಯಾದ ಭಾರೀ ಆಳುಗಳನ್ನು ನಾವೆಲ್ಲ ಕಂಡಿದ್ದೇವೆ. ವೀರ್ಯಾಣುಗಳ ಆಕಾರ, ಚಲನೆಗಳ ಮೇಲೆ ಬೊಜ್ಜಿನ ಪರಿಣಾಮ ಎಷ್ಟೆಂಬ ವಿಷಯದಲ್ಲಿ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಸಂಭವ ಹೆಚ್ಚುತ್ತದೆ ಎಂಬುದೇ ಶಾಸ್ತ್ರ ಹೇಳುವ ಮಾತು. ಮಳೆ ಕಡಿಮೆಯಾದ ವರ್ಷ ಎಲ್ಲರ ಹೊಲವೂ ಒಣಗುವುದಿಲ್ಲ. ಅಂಚಿನಲ್ಲಿದ್ದವರ ಹೊಲ ಮೊದಲು ಒಣಗುತ್ತದೆ.

ನಮ್ಮ ಪೂರ್ವಿಕರಿಗೆ ಈ ಸಂಬಂಧ ಪೂರ್ತಿ ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲನಿಗೆ ಬರುವ ಎಂಟು ದೋಷಗಳ ಪಟ್ಟಿಯಿದೆ. ಆಯುಷ್ಯ ಕುಗ್ಗುವುದು, ಚುರುಕು ತಪ್ಪುವುದು, ಅತಿ ಹಸಿವು, ಅತಿ ಬಾಯಾರಿಕೆ ಮೊದಲಾದವುಗಳ ಜೊತೆಗೆ ದಾಂಪತ್ಯಸುಖದ ತೊಡಕೂ ಅದರಲ್ಲಿ ಒಂದು. ಶುಕ್ರ ಅಲ್ಪವಾಗಿರುವುದೂ ಮೇದಸ್ಸು ದಾರಿಯನ್ನು ಮುಚ್ಚುವುದೂ ಅದಕ್ಕೆ ಕಾರಣವೆಂದು ಚರಕ ಹೇಳುತ್ತಾನೆ. ಅವನ ‘ಶುಕ್ರ’ವೇ ಇಂದಿನ ವೀರ್ಯಾಣು ಎಂದು ಎಳೆದು ಜೋಡಿಸುವುದು ಸರಿಯಲ್ಲ, ಅವನ ಬಳಿ ಸೂಕ್ಷ್ಮದರ್ಶಕವಿರಲಿಲ್ಲ. ಅವನ ಬಳಿ ಇದ್ದದ್ದು ನೋಡುವ ಕಣ್ಣು. ಆ ಕಣ್ಣು ಗಂಡಸಿನ ಶರೀರವನ್ನೂ ನೋಡಿತು ಎಂಬುದೇ ನನಗೆ ಮುಖ್ಯವಾಗಿ ಕಂಡದ್ದು. ಇತ್ತ ಧರ್ಮಶಾಸ್ತ್ರಗಳು ಗಂಡನ್ನು ಬೀಜವೆಂದೂ ಹೆಣ್ಣನ್ನು ಕ್ಷೇತ್ರವೆಂದೂ ಕರೆದು, ಬೀಜವೇ ಹೆಚ್ಚೋ ಕ್ಷೇತ್ರವೇ ಹೆಚ್ಚೋ ಎಂದು ಚರ್ಚಿಸಿದವು. ನಾವು ಮಾತ್ರ ಫಸಲು ಬಂದಾಗ ಬೀಜವನ್ನು ಹೊಗಳಿ, ಬಾರದಿದ್ದಾಗ ಹೊಲವನ್ನು ಬೈದುಕೊಂಡು ಬಂದೆವು. ಯಾವ ರೈತನೂ ಹೀಗೆ ಮಾಡುವುದಿಲ್ಲ. ಬಿತ್ತುವ ಮೊದಲು ನಾಲ್ಕು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎಷ್ಟು ಮೊಳೆತವೆಂದು ಎಣಿಸುತ್ತಾನೆ.

ವೀರ್ಯಪರೀಕ್ಷೆಯೆಂದರೆ ಆ ಒದ್ದೆ ಬಟ್ಟೆಯೇ. ನೋವಿಲ್ಲ, ಸೂಜಿಯಿಲ್ಲ, ಕತ್ತರಿಯಿಲ್ಲ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿ ಕೊಟ್ಟರಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಕೈಪಿಡಿಯ ಆರನೆಯ ಆವೃತ್ತಿಯು ಒಂದು ವರ್ಷದೊಳಗೆ ತಂದೆಯಾದವರ ಕೆಳಗಿನ ಅಂಚಿನ ಅಳತೆಗಳನ್ನು ಕೊಟ್ಟಿದೆ: ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳು, ಒಟ್ಟು 3 ಕೋಟಿ 90 ಲಕ್ಷ, ಅವುಗಳಲ್ಲಿ ನೂರಕ್ಕೆ 42 ಚಲಿಸುವಂಥವು, ನೂರಕ್ಕೆ 4 ಸರಿಯಾದ ಆಕಾರದವು. ಈ ಗೆರೆಗಿಂತ ಕೆಳಗಿರುವವನಿಗೆ ಮಕ್ಕಳಾಗವು, ಮೇಲಿರುವವನಿಗೆ ಆಗಿಯೇ ಆಗುತ್ತವೆ ಎಂದಲ್ಲ. ಒಂದೇ ವರದಿ ನೋಡಿ ಎದೆಗುಂದಬೇಕಾಗಿಯೂ ಇಲ್ಲ. ಜ್ವರ ಬಂದುಹೋದರೂ ಸಂಖ್ಯೆ ಇಳಿಯುವುದರಿಂದ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣ, ಒಂಟಿಯಾಗಿಯೋ ಹೆಣ್ಣಿನ ಕಾರಣದೊಡನೆ ಕೂಡಿಯೋ, ಇದ್ದೇ ಇರುತ್ತದೆ. ಇಷ್ಟು ಸುಲಭವಾದ ಪರೀಕ್ಷೆಯನ್ನು ಬಿಟ್ಟು, ಹೆಂಗಸಿನ ಹೊಟ್ಟೆಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆಯಿಂದ ಆರಂಭಿಸುವುದು ಯಾವ ನ್ಯಾಯ?

ಇನ್ನು ಪರಿಹಾರ. ಇಲ್ಲಿ ಸಂತೋಷದ ಸುದ್ದಿಯಿದೆ. ಹೆಣ್ಣು ತನ್ನ ಅಂಡಗಳ ಇಡಿಯ ಸಂಗ್ರಹದೊಡನೆಯೇ ಹುಟ್ಟುತ್ತಾಳೆ. ಗಂಡಿನ ಬೀಜವಾದರೋ ಪ್ರತಿದಿನವೂ ಹೊಸದಾಗಿ ಹುಟ್ಟುತ್ತದೆ. ಮೂರು ತಿಂಗಳ ಲೆಕ್ಕವನ್ನು ನೆನಪಿಡಿ ಎಂದಿದ್ದೆನಲ್ಲ, ಅದು ಇದಕ್ಕಾಗಿ. ಇಂದು ಬದುಕಿನ ಕ್ರಮ ಬದಲಾಯಿಸಿದವನು ಮುಂದಿನ ಬೆಳೆಯಲ್ಲಿ ಫಲವನ್ನು ನಿರೀಕ್ಷಿಸಬಹುದು. 2022ರಲ್ಲಿ ಡೆನ್ಮಾರ್ಕಿನಿಂದಲೇ ಇದಕ್ಕೊಂದು ಒಳ್ಳೆಯ ಸಾಕ್ಷ್ಯ ಪ್ರಕಟವಾಯಿತು. 32ರಿಂದ 43ರವರೆಗೆ ಸೂಚ್ಯಂಕವಿದ್ದ 56 ಗಂಡಸರಿಗೆ ಎಂಟು ವಾರ ದಿನಕ್ಕೆ 800 ಕ್ಯಾಲೊರಿಯ ಮಿತಾಹಾರ ಕೊಟ್ಟರು. ಸರಾಸರಿ 16.5 ಕಿಲೊ ತೂಕ ಇಳಿಯಿತು. ವೀರ್ಯಾಣುಗಳ ಸಾಂದ್ರತೆ ಸರಾಸರಿ ಒಂದೂವರೆ ಪಟ್ಟು ಆಯಿತು. ಆಮೇಲೆ ಅವರಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಔಷಧಿ, ಕೆಲವರಿಗೆ ಎರಡೂ ಕೊಟ್ಟು ಒಂದು ವರ್ಷ ಕಾದರು. ಇಳಿಸಿದ ತೂಕವನ್ನು ಉಳಿಸಿಕೊಂಡವರಲ್ಲಿ ಬೀಜದ ಏರಿಕೆಯೂ ಉಳಿಯಿತು. ತೂಕ ಮರಳಿದವರಲ್ಲಿ ಅದು ಉಳಿಯಲಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಅವರು ಎಣಿಸಿದ್ದು ವೀರ್ಯಾಣುಗಳನ್ನು, ತೊಟ್ಟಿಲುಗಳನ್ನಲ್ಲ. ಇನ್ನೊಂದು ಎಚ್ಚರಿಕೆ: ಅಷ್ಟು ಕಡಿಮೆ ಆಹಾರ ವೈದ್ಯರ ಕಣ್ಗಾವಲಿನಲ್ಲಿ ನಡೆದದ್ದು. ಮನೆಯಲ್ಲಿ ತಾನೇ ಉಪವಾಸ ಹೂಡುವುದು ತರವಲ್ಲ.

ನಮಗೆ ಸಾಧ್ಯವಾದ ದಾರಿ ಸರಳವಾದದ್ದೇ. ತಟ್ಟೆಯಲ್ಲಿ ಅನ್ನದ ರಾಶಿ ಇಳಿಸಿ ಕಾಳು, ಸೊಪ್ಪು, ತರಕಾರಿ ಏರಿಸುವುದು. ಗಳಿಗೆಗೊಂದು ಸಿಹಿ ಕಾಫಿ, ಎಣ್ಣೆಯ ಬಜ್ಜಿ, ಬೋಂಡ ಬಿಡುವುದು. ದಿನಕ್ಕೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುವುದು. ಹೊತ್ತಿಗೆ ಸರಿಯಾಗಿ ಮಲಗುವುದು. ಬೀಡಿ, ಸಿಗರೇಟು, ಮದ್ಯ ದೂರವಿಡುವುದು. ತೂಕದ ಯಂತ್ರವಿಲ್ಲದಿದ್ದರೆ ಒಂದು ಟೇಪು ಸಾಕು. ನಮ್ಮ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರಿನ ಒಳಗಿರಬೇಕೆಂದು ವೈದ್ಯರು ಹೇಳುತ್ತಾರೆ. ತೂಕ ಇಳಿದರೂ ಫಲ ಕಾಣದಿದ್ದರೆ ಬೇರೆ ಕಾರಣಗಳನ್ನು ಹುಡುಕಿಸಬೇಕು. ಬೊಜ್ಜೊಂದೇ ಕಾರಣವೆಂದು ಕುಳಿತರೆ, ವೃಷಣದ ರಕ್ತನಾಳ ಉಬ್ಬುವಂಥ, ಚಿಕಿತ್ಸೆಗೆ ಬಗ್ಗುವ ಬೇರೆ ದೋಷಗಳು ಮರೆಯಲ್ಲೇ ಉಳಿದುಬಿಡುತ್ತವೆ. ಹೆಂಡತಿಯ ವಯಸ್ಸೂ ಲೆಕ್ಕಕ್ಕೆ ಬರುವುದರಿಂದ ಇದಕ್ಕೆ ವರ್ಷಗಟ್ಟಲೆ ಕಾಯುವಂತೆಯೂ ಇಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ನನ್ನ ವಿದ್ಯಾರ್ಥಿಗೆ ಯಾರೋ ಹಿತೈಷಿಗಳು ‘ಗಂಡಸುತನದ ಇಂಜೆಕ್ಷನ್’ ಹಾಕಿಸಿಕೊಳ್ಳಲು ಹೇಳಿದ್ದರಂತೆ. ವ್ಯಾಯಾಮಶಾಲೆಗಳಲ್ಲಿ ಮೈ ಉಬ್ಬಿಸಲು ಕೊಡುವುದೂ ಬಹುಮಟ್ಟಿಗೆ ಇದೇ ಜಾತಿಯ ಮದ್ದು: ಟೆಸ್ಟೊಸ್ಟಿರೋನ್. ಪುರುಷ ಹಾರ್ಮೋನು ಕಡಿಮೆಯಾದದ್ದೇ ತೊಂದರೆಯಾದರೆ ಅದನ್ನೇ ಹೊರಗಿನಿಂದ ತುಂಬಿದರಾಯಿತಲ್ಲ ಎಂದು ಯಾರಿಗಾದರೂ ತೋರುವುದು ಸಹಜ. ನೀರುಗಂಟಿಯನ್ನು ನೆನೆಯಿರಿ. ಊರಿನ ಬೀದಿಗೆ ಟ್ಯಾಂಕರಿನಲ್ಲಿ ನೀರು ತಂದು ಸುರಿದರೆ ಅವನು ತೇವ ಕಂಡು ತೂಬನ್ನು ಪೂರ್ತಿ ಮುಚ್ಚುತ್ತಾನೆ. ಬೀದಿ ಕೆಸರಾಗುತ್ತದೆ, ಗದ್ದೆ ಒಣಗುತ್ತದೆ. ವೀರ್ಯಾಣು ಬೆಳೆಯಲು ವೃಷಣದ ಒಳಗೇ ಹುಟ್ಟುವ ಟೆಸ್ಟೊಸ್ಟಿರೋನ್ ಬೇಕು. ರಕ್ತಕ್ಕೆ ಚುಚ್ಚಿದ್ದು ಆ ಕೆಲಸಕ್ಕೆ ಬಾರದು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 271 ಗಂಡಸರಿಗೆ ವಾರಕ್ಕೊಮ್ಮೆ ಈ ಚುಚ್ಚುಮದ್ದು ಕೊಟ್ಟದ್ದು ಸಂತಾನನಿರೋಧದ ಉಪಾಯವಾಗಿ! ಅವರಲ್ಲಿ 157 ಮಂದಿಯ ವೀರ್ಯದಲ್ಲಿ ಒಂದು ವೀರ್ಯಾಣುವೂ ಕಾಣದಾಯಿತು. ಮಗು ಬೇಕೆಂದು ಹೊರಟವನು ಮಗು ಬೇಡವೆನ್ನುವವನ ಮದ್ದನ್ನು ತೆಗೆದುಕೊಳ್ಳುವ ಅನರ್ಥ ನಮ್ಮ ಊರುಗಳಲ್ಲಿ ನಡೆಯದಿರಲಿ. ಮದ್ದು ನಿಲ್ಲಿಸಿದ ಮೇಲೆ ತೂಬು ಸಾಮಾನ್ಯವಾಗಿ ಮತ್ತೆ ತೆರೆಯುತ್ತದೆ. ಆದರೆ ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಕೊನೆಯದಾಗಿ, ಇದನ್ನೆಲ್ಲ ಕೇಳಿ ನಾವು ಒಂದು ನಿಂದೆಯ ಬದಲಿಗೆ ಇನ್ನೊಂದು ನಿಂದೆಯನ್ನು ಕೈಗೆತ್ತಿಕೊಳ್ಳಬಾರದು. ಬಂಜೆಯೆಂದು ಹೆಣ್ಣನ್ನು ಚುಚ್ಚಿದ ನಾಲಗೆ ಡುಮ್ಮನೆಂದು ಗಂಡನ್ನು ಚುಚ್ಚತೊಡಗಿದರೆ ಬಂದ ಲಾಭವೇನು? ಬೊಜ್ಜಿಗೆ ಹೊಟ್ಟೆಬಾಕತನವೊಂದೇ ಕಾರಣವಲ್ಲ. ವಂಶ, ವೃತ್ತಿ, ಬಡತನದ ಅನ್ನ, ನಿದ್ದೆಗೆಟ್ಟ ದುಡಿಮೆ ಎಲ್ಲವೂ ಅದರಲ್ಲಿ ಪಾಲುದಾರರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದಂತೆ ಜಗತ್ತಿನಲ್ಲಿ ಹೆಚ್ಚುಕಡಮೆ ಆರು ಜನರಲ್ಲಿ ಒಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಈ ನೋವನ್ನು ಉಣ್ಣುತ್ತಾರೆ. ಇಷ್ಟು ಜನರ ನೋವಿಗೆ ಬೇಕಾದದ್ದು ಪರೀಕ್ಷೆ, ಚಿಕಿತ್ಸೆ, ತಾಳ್ಮೆ. ಇಬ್ಬರೂ ಒಟ್ಟಿಗೆ ವೈದ್ಯರ ಬಳಿಗೆ ಹೋಗುವುದು ಅದರ ಮೊದಲ ಹೆಜ್ಜೆ.

ನನ್ನ ವಿದ್ಯಾರ್ಥಿ ಒಂದು ವರ್ಷದಲ್ಲಿ 15 ಕಿಲೊ ಇಳಿಸಿದ. ಎರಡನೆಯ ವರದಿ ಮೊದಲಿನದಕ್ಕಿಂತ ಚೆನ್ನಾಗಿತ್ತು, ಪೂರ್ತಿ ಚೆನ್ನಾಗಿರಲಿಲ್ಲ. ಮಗುವಾಯಿತೆ ಎಂದು ನೀವು ಕೇಳುವಿರಿ. ಆ ಪ್ರಶ್ನೆಯನ್ನು ಕೇಳಿ ಕೇಳಿ ಅವರಿಬ್ಬರನ್ನೂ ನಾವು ಸಾಕಷ್ಟು ದಣಿಸಿದ್ದೇವೆ. ಇಂದು ನಾನು ಅದಕ್ಕೆ ಉತ್ತರ ಹೇಳುವುದಿಲ್ಲ. ನನಗೆ ಹೇಳಬೇಕೆನಿಸುವುದು ಬೇರೆ. ವೈದ್ಯೆಯನ್ನು ಕಂಡುಬಂದ ವಾರದಲ್ಲೇ ಅವನು ತಾಯಿಯನ್ನು ಕೂರಿಸಿಕೊಂಡು, “ಅಮ್ಮಾ, ಇನ್ನು ಅವಳನ್ನು ಏನೂ ಅನ್ನಬೇಡ. ತೊಂದರೆ ನನ್ನಲ್ಲಿದೆ” ಎಂದನಂತೆ. ಮುದುಕಿ ಬಹಳ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಸೊಸೆಯ ಪಕ್ಕದಲ್ಲಿ ಕುಳಿತರಂತೆ.

ಬಂಜೆ ಎಂಬುದರ ಪುಲ್ಲಿಂಗ ರೂಪ ಯಾವುದೆಂದು ಕೇಳಿದ ಆ ಹುಡುಗಿ ಈಗ ಎಲ್ಲಿದ್ದಾಳೋ ಕಾಣೆ. ಅಕಸ್ಮಾತ್ ಈ ಮಾತನ್ನು ಕೇಳುತ್ತಿದ್ದರೆ ಅವಳಿಗೆ ನನ್ನ ಉತ್ತರ ಇಷ್ಟು: ಹೊಸ ಶಬ್ದವನ್ನು ನಾವು ಕಟ್ಟಬೇಕಾಗಿಲ್ಲಮ್ಮ. ಆ ಹಳೆಯ ಶಬ್ದವನ್ನು ಆಡದೆ ಬಿಟ್ಟರೆ ಸಾಕು.